ಒಂದು ರೋಲು, ಮೂರು ಕಷಾಯ

ನಮ್ಮ ಮನೆಯ ಬಚ್ಚಲಿನ ಅಟ್ಟದ ಮೇಲೆ ಕಂದು ಬಣ್ಣದ ನಾಲ್ಕು ಬಾಟಲಿಗಳಿವೆ. ಒಂದೊಂದರ ಮೇಲೂ ಕನ್ನಡ, ತೆಲುಗು, ಹಿಂದಿ ಮೂರು ಭಾಷೆಗಳಲ್ಲಿ ‘ಮುಟ್ಟಬೇಡಿ’ ಎಂದು ಬರೆದು ಅಂಟಿಸಿದ್ದೇವೆ. ನಮ್ಮ ಮಗಳು ಅದಕ್ಕೆ ‘ಅಪ್ಪನ ಕಷಾಯ’ ಎಂದು ಹೆಸರಿಟ್ಟಿದ್ದಾಳೆ. ಮನೆಗೆ ಬಂದ ಹಿರಿಯರೊಬ್ಬರು ಅದನ್ನು ನಿಜವೆಂದೇ ನಂಬಿ, ಮಂಡಿನೋವಿಗೆ ಇದರಲ್ಲಿ ಏನಾದರೂ ಉಂಟೇ ಎಂದು ವಿಚಾರಿಸಿದ್ದೂ ಆಯಿತು. ಇಲ್ಲ ಸ್ವಾಮಿ, ಇದು ಮಂಡಿಗಲ್ಲ, ಕಪ್ಪು ಬಿಳುಪು ಫಿಲ್ಮು ತೊಳೆಯುವ ಔಷಧ ಎಂದು ಹೇಳಿದಾಗ ಅವರು ನಮ್ಮನ್ನು ನೋಡಿದ ನೋಟದಲ್ಲಿ ಮಂಡಿನೋವಿಗಿಂತ ಹೆಚ್ಚಿನ ಮರುಕವಿತ್ತು. ಕೈಯಲ್ಲಿ ಮೊಬೈಲು ಇರುವಾಗ ಈ ಕಾಲದಲ್ಲಿ ಇದೇನು ಹುಚ್ಚು ಎಂದು ನೀವೂ ಕೇಳಬಹುದು. ಕೇಳುವುದಕ್ಕೆ ಮೊದಲೇ ಹೇಳಿಬಿಡುತ್ತೇವೆ: ಇದು ನಮ್ಮ ಅವ್ವನ ಒಂದು ಫೋಟೋಕ್ಕಾಗಿ ಹತ್ತಿಕೊಂಡ ಹುಚ್ಚು.

ನಮ್ಮದು ಕಲಬುರಗಿ ಜಿಲ್ಲೆಯ ಸೇಡಂ ಕಡೆ. ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಗುಮಾಸ್ತಗಿರಿ ಹಿಡಿದು ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಕಾಲೇಜಿನಲ್ಲಿ ಕಲಿತ ರಸಾಯನಶಾಸ್ತ್ರವೆಲ್ಲ ಫೈಲುಗಳ ಕೆಳಗೆ ಎಲ್ಲೋ ಸೇರಿಹೋಗಿತ್ತು. ಅಪ್ಪ ತೀರಿಕೊಂಡ ಮೇಲೆ ಊರಿನ ಟ್ರಂಕಿನಲ್ಲಿ ಅವರ ಅಗ್ಫಾ ಕ್ಲಿಕ್ ಥ್ರೀ ಕ್ಯಾಮರಾ ಸಿಕ್ಕಿತು. ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರ. ಬಿಸಿಲು, ಮೋಡ ಎಂಬ ಎರಡೇ ಗುರುತು. ಜೊತೆಗೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮಿನ ಖಾಲಿ ಡಬ್ಬಿಯೊಂದು. 1967ರಲ್ಲಿ ಉತ್ಪಾದನೆ ಆರಂಭಿಸಿದ್ದ ಆ ಕಾರ್ಖಾನೆ ಈಗ ಇಲ್ಲ, ಡಬ್ಬಿ ಇದೆ.

ಆ ಟ್ರಂಕಿನಲ್ಲಿ ಎಲ್ಲರ ಫೋಟೋಗಳೂ ಇದ್ದವು, ಅವ್ವನದೊಂದು ಬಿಟ್ಟು. ಇದ್ದ ಒಂದೆರಡರಲ್ಲಿ ಅವಳ ಮುಖ ಬರೀ ಕಪ್ಪು ಮಸಿ, ಸೀರೆಯ ಸೆರಗು ಮಾತ್ರ ಬೆಳ್ಳಗೆ. ಅವ್ವನದು ಕಡುಗಪ್ಪು ಮೈಬಣ್ಣ. ಹಣೆಗೂ ಗದ್ದಕ್ಕೂ ಹಚ್ಚೆ ಉಂಟು. ಆಧಾರ್ ಕಾರ್ಡಿನ ಚಿತ್ರವಂತೂ ಬಿಡಿ. ಒಮ್ಮೆ ಸ್ಟುಡಿಯೋ ಒಂದರಲ್ಲಿ ಬಣ್ಣದ ಫೋಟೋ ತೆಗೆಸಿದೆವು. ಅವರು ಕಂಪ್ಯೂಟರಿನಲ್ಲಿ ಕೂತು ಮುಖವನ್ನು ಗೋದಿ ಬಣ್ಣಕ್ಕೆ ತಂದು, ಸುಕ್ಕು ಒರೆಸಿ, ಹಚ್ಚೆಯನ್ನೂ ಅಳಿಸಿ, ನಮಗೆ ಉಪಕಾರ ಮಾಡಿದೆವೆಂಬ ಸಂತೋಷದಲ್ಲಿ ಕೊಟ್ಟರು. ಅವ್ವ ಅದನ್ನು ದೂರ ಹಿಡಿದು ನೋಡಿ, “ಯಾರದು ಈಕಿ? ಚಂದ ಅದಾಳ” ಎಂದಳು. ಆಮೇಲೆ ನಕ್ಕು, “ತಮ್ಮಾ, ನಾ ಹೋದ ಮ್ಯಾಲ ಗೋಡಿಗಿ ಹಾಕ್ಲಿಕ್ಕ ಒಂದು ಫೋಟೋ ಬೇಕಲ್ಲ. ಇದು ಹಾಕಿದ್ರ ಬಂದವರು ಯಾರ ಮನಿಗಿ ಬಂದೀವಿ ಅಂತ ತಿರುಗಿ ಹೋಗ್ತಾರ” ಎಂದಳು. ನಕ್ಕದ್ದು ನಿಜ, ಆದರೆ ಕೇಳಿದ್ದೂ ನಿಜ. ಆಗ ಅವಳಿಗೆ ಎಪ್ಪತ್ತಾರು.

ನಾವು ಅಬಿಡ್ಸಿನ ಭಾನುವಾರದ ಹಳೆಯ ಪುಸ್ತಕದ ಸಾಲಿನಲ್ಲಿ ಡಾರ್ಕ್ ರೂಮಿನ ಕೈಪಿಡಿಯೊಂದನ್ನು ಕೊಂಡೆವು. ಮುಚ್ಚಿಹೋದ ಸ್ಟುಡಿಯೋ ಒಂದರಿಂದ ಎನ್‌ಲಾರ್ಜರ್ ಬಂತು. ಮೂವತ್ತೈದು ಮಿಲಿಮೀಟರಿನ ಸೆಕೆಂಡ್ ಹ್ಯಾಂಡ್ ಕ್ಯಾಮರಾ ಒಂದನ್ನೂ ತಂದೆವು. ಫಿಲ್ಮು ಈಗಲೂ ಸಿಗುತ್ತದೆ. ಇಲ್ಫರ್ಡ್ ಎಚ್‌ಪಿ5 ತರಿಸಿದೆವು. ಒಂದು ರೋಲಿನ ದುಡ್ಡಿಗೆ ವಾರದ ತರಕಾರಿ ಬರುತ್ತದೆಂದು ನಮ್ಮ ಮನೆಯವರು ಲೆಕ್ಕ ಹಾಕಿ ಹೇಳಿದರು, ಆದರೆ ಅಡ್ಡ ಬರಲಿಲ್ಲ.

ಈ ಕಷಾಯ ಮಾಡುವ ಕೆಲಸವೇನು ಎಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಫಿಲ್ಮಿನ ಮೇಲಿರುವುದು ಜಿಲೆಟಿನ್ ಎಂಬ ಸರಿಯಲ್ಲಿ ಹುದುಗಿಸಿದ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳುಗಳು. ಬೆಳಕು ತಗಲಿದ ಹರಳಿನಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಮೂಡುತ್ತದೆ, ಅಷ್ಟೇ. ಡೆವಲಪರ್ ಆ ಗುರುತಿರುವ ಹರಳುಗಳನ್ನು ಹುಡುಕಿ ಕಪ್ಪು ಬೆಳ್ಳಿಯನ್ನಾಗಿ ಮಾಡುತ್ತದೆ. ಗುರುತಿಲ್ಲದ್ದನ್ನು ಆಮೇಲೆ ಹೈಪೊ ಕರಗಿಸಿ ತೆಗೆಯುತ್ತದೆ. ಆದ್ದರಿಂದ ಕ್ಯಾಮರಾ ಬೇಳೆ ತಂದುಕೊಟ್ಟಂತೆ, ಡೆವಲಪರ್ ಅಡಿಗೆ ಮಾಡಿದಂತೆ. ಅದೇ ತೊಗರಿಬೇಳೆಯಲ್ಲಿ ಒಬ್ಬರು ತಿಳಿಸಾರು ಮಾಡುತ್ತಾರೆ, ಇನ್ನೊಬ್ಬರು ಗಟ್ಟಿ ಹುಳಿ ಮಾಡುತ್ತಾರೆ. ತಾರದ ಬೇಳೆಯನ್ನು ಮಾತ್ರ ಯಾವ ಅಡಿಗೆಯವರೂ ಬೇಯಿಸಲಾರರು. ನೆರಳಿನ ಜಾಗಕ್ಕೆ ಬೆಳಕೇ ಮುಟ್ಟಿಲ್ಲವೆಂದರೆ ಜಗತ್ತಿನ ಯಾವ ಔಷಧವೂ ಅಲ್ಲಿ ಚಿತ್ರ ಬರಿಸಲಾರದು. ಹಳೆಯ ಫೋಟೋಗ್ರಾಫರರ ಅನುಭವದ ಸಾರವೂ ಇದೇ: ನೆರಳನ್ನು ನೋಡಿ ಬೆಳಕು ಕೊಡು, ಬಿಳುಪನ್ನು ನೋಡಿ ಡೆವಲಪರಿನ ಸಮಯ ಕೊಡು.

ನಾವು ಮೊದಲು ಹಿಡಿದದ್ದು ಡಿ-76. 1927ರಲ್ಲಿ ಕೊಡಕ್ ಕಂಪನಿಯವರು ಹೊರತಂದ ಪಾಕ ಇದು. ಸುಮಾರು ನೂರು ವರ್ಷವಾದರೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಬೇರೆಯವನ್ನು ಅಳೆಯುತ್ತಾರೆ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಮೆಟಾಲ್ ಮೃದುವಾಗಿ ನೆರಳಿನ ವಿವರ ಎತ್ತುತ್ತದೆ, ಹೈಡ್ರೋಕ್ವಿನೋನ್ ಅದಕ್ಕೆ ಬಲ ಕೊಡುತ್ತದೆ, ಬೋರಾಕ್ಸ್ ಎರಡನ್ನೂ ಕೆಲಸಕ್ಕೆ ಎಬ್ಬಿಸುವ ಕ್ಷಾರ. ಸಲ್ಫೈಟಿನ ಕೆಲಸ ಎರಡು: ಔಷಧ ಗಾಳಿಗೆ ಕೆಡದಂತೆ ಕಾಯುವುದು, ಇಷ್ಟು ಹೆಚ್ಚು ಪ್ರಮಾಣದಲ್ಲಿದ್ದಾಗ ಹರಳುಗಳ ಅಂಚನ್ನು ಸ್ವಲ್ಪ ಕರಗಿಸಿ ಚಿತ್ರದ ಕಣಗಳನ್ನು ನಯವಾಗಿಸುವುದು. ಕೂಡಿಸುವಾಗಲೂ ಕ್ರಮವುಂಟು. ಸಲ್ಫೈಟು ಮೊದಲೇ ಸುರಿದರೆ ಮೆಟಾಲ್ ಕರಗಲು ಒಪ್ಪುವುದಿಲ್ಲ. ಬಿಸಿನೀರಿಗೆ ಚಿಟಿಕೆ ಸಲ್ಫೈಟು, ಆಮೇಲೆ ಮೆಟಾಲ್, ಆಮೇಲೆ ಉಳಿದದ್ದು. ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರದು, ಕೈಗವಸು ಬೇಕು. ಸಣ್ಣ ತಕ್ಕಡಿಯಲ್ಲಿ ಇವನ್ನೆಲ್ಲ ತೂಗುತ್ತ ಕೂತಾಗ ಇಪ್ಪತ್ತು ವರ್ಷದ ಹಿಂದಿನ ಪ್ರಯೋಗಶಾಲೆಯ ವಾಸನೆ ಮೂಗಿಗೆ ಬಂದಂತಾಗಿ, ನಾವು ಬಿ.ಎಸ್ಸಿ. ಓದಿದ್ದು ವ್ಯರ್ಥವಾಗಲಿಲ್ಲವೆಂದು ಹಿಗ್ಗಿದೆವು.

ಹಿಗ್ಗು ಬಹಳ ದಿನ ಉಳಿಯಲಿಲ್ಲ. ಅವ್ವ ಕಣ್ಣಿನ ಪೊರೆ ತೆಗೆಸಲು ಮೇ ತಿಂಗಳಲ್ಲಿ ಬಂದಿದ್ದಳು. ಆಪರೇಷನ್ನಿನ ಹಿಂದಿನ ದಿನ ಬಾಲ್ಕನಿಯಲ್ಲಿ ಕೂಡಿಸಿ ಒಂದು ಪೂರ್ತಿ ರೋಲು ತೆಗೆದೆವು. ಅವಳು ಮುಖ ಗಟ್ಟಿ ಮಾಡಿಕೊಂಡು, ಆಮೇಲೆ ಬೇಸತ್ತು, ಕೊನೆಗೆ ಮರೆತು ಸಹಜವಾಗಿ ಕೂತಳು. ಅದೇ ರಾತ್ರಿ ಕೈಪಿಡಿಯಲ್ಲಿದ್ದಂತೆ ಡಿ-76ರಲ್ಲಿ ಏಳೂವರೆ ನಿಮಿಷ ಕುಲುಕಿದೆವು. ಆ ಲೆಕ್ಕ 20 ಡಿಗ್ರಿಯ ನೀರಿಗೆ ಎಂಬ ಸಾಲನ್ನು ಓದಿದ್ದೆವು, ಆದರೆ ಅದರ ಅರ್ಥ ನಮಗೆ ತಟ್ಟಿರಲಿಲ್ಲ. ಹೈದರಾಬಾದಿನ ಮೇ ತಿಂಗಳಲ್ಲಿ ಮೇಲಿನ ಟ್ಯಾಂಕಿನಿಂದ ಇಳಿದ ನೀರು 34 ಡಿಗ್ರಿ! 20 ಡಿಗ್ರಿಯಲ್ಲಿ ನಾಲ್ಕು ನಿಮಿಷ ಹಿಡಿಯುವ ಕೆಲಸ 23 ಡಿಗ್ರಿಗೇ ಮೂರು ನಿಮಿಷದಲ್ಲಿ ಮುಗಿಯುತ್ತದೆ. 34ಕ್ಕೆ ಏನಾಗಬಹುದೆಂದು ನೀವೇ ಊಹಿಸಿ. ಸೆರಗೂ, ಕೆನ್ನೆಯ ಮೇಲಿನ ಬೆಳಕೂ ಸೇರಿ ನೆಗೆಟಿವ್ ಇದ್ದಿಲಿನಂತೆ ದಟ್ಟವಾಗಿತ್ತು. ಪ್ರಿಂಟು ಹಾಕಿದರೆ ಮುಖವೆಲ್ಲ ಜೋಳದ ನುಚ್ಚು ಚೆಲ್ಲಿದಂತೆ.

ಅವ್ವ, “ಹೋಗ್ಲಿ ಬಿಡು, ಮತ್ತ ಕೂಡ್ತೀನಿ” ಎಂದಳು. ಆದರೆ ಎಪ್ಪತ್ತಾರು ವಯಸ್ಸಿನವರು ಹೇಳುವ ‘ಮತ್ತೆ’ ಎಂಬ ಮಾತನ್ನು ನಂಬಿ ಕೂರುವ ಧೈರ್ಯ ನಮಗಿರಲಿಲ್ಲ. ಅಂದಿನಿಂದ ನಾವು ಆಟ ಬಿಟ್ಟು ನಿಜವಾಗಿ ಕಲಿಯತೊಡಗಿದೆವು.

ಇದೇ ಊರಿನಲ್ಲಿ, ಇದೇ ಬಿಸಿಲಿನಲ್ಲಿ, ನಮಗಿಂತ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ರಾಜಾ ದೀನ್ ದಯಾಳರು ಕೆಲಸ ಮಾಡಿ ತೋರಿಸಿದ್ದಾರೆ. 1844ರಲ್ಲಿ ಹುಟ್ಟಿ, ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾಗಿ, ಸಿಕಂದರಾಬಾದಿನಲ್ಲಿ ಸ್ಟುಡಿಯೋ ನಡೆಸಿ 1905ರಲ್ಲಿ ತೀರಿಕೊಂಡವರು. ಅವರ ಗಾಜಿನ ನೆಗೆಟಿವ್‌ಗಳ ದೊಡ್ಡ ಸಂಗ್ರಹ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿದೆ. ಫ್ರಿಜ್ಜು, ಫ್ಯಾನು ಇಲ್ಲದ ಕಾಲದಲ್ಲಿ ಅವರಿಂದಾದದ್ದು ನಮ್ಮಿಂದಾಗದೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆವು. ಸ್ಟೀಲ್ ಬೋಗುಣಿಯಲ್ಲಿ ನೀರು, ಅದರೊಳಗೆ ಐಸು, ಐಸಿನ ನಡುವೆ ಔಷಧದ ಲೋಟ, ಲೋಟದಲ್ಲಿ ಥರ್ಮಾಮೀಟರು. 20 ತೋರಿಸುವವರೆಗೆ ಫಿಲ್ಮು ಮುಟ್ಟುವುದಿಲ್ಲವೆಂಬುದು ಮನೆಯ ಕಾನೂನಾಯಿತು.

ಇನ್ನು ನೀರು. ಗಂಡಿಪೇಟೆಯ ನೀರು ಕುಡಿದವರು ಹೈದರಾಬಾದು ಬಿಟ್ಟು ಹೋಗುವುದಿಲ್ಲವೆಂದು ಇಲ್ಲಿಯವರು ಹೇಳುತ್ತಾರೆ. 1908ರ ಮೂಸಿ ಪ್ರವಾಹದ ನಂತರ ಕಟ್ಟಿ 1920ರಲ್ಲಿ ಮುಗಿಸಿದ ಉಸ್ಮಾನ್ ಸಾಗರ ಅದು. ಈಗ ಊರಿಗೆ ಕೃಷ್ಣೆಯೂ ಗೋದಾವರಿಯೂ ಬರುತ್ತವೆ; ನಮ್ಮ ಬೀದರ್ ಜಿಲ್ಲೆಯನ್ನು ಹಾದು ಬರುವ ಮಂಜೀರೆಯೂ ಬರುತ್ತಾಳೆ. ಆ ನೀರು ಪರವಾಗಿಲ್ಲ. ಬೇಸಿಗೆಯಲ್ಲಿ ಬೋರ್‌ವೆಲ್ ನೀರಿಗೆ ಬಿದ್ದಾಗಲೇ ತೊಂದರೆ. ಗಡಸು ನೀರಿನ ಸುಣ್ಣ ಒಣಗಿದ ಫಿಲ್ಮಿನ ಮೇಲೆ ವೃತ್ತ ವೃತ್ತವಾಗಿ ಕೂರುತ್ತದೆ. ಔಷಧ ಕಲಸಲು, ಕೊನೆಯ ತೊಳೆತಕ್ಕೆ, ಇನ್ವರ್ಟರಿಗೆ ಹಾಕುವ ಡಿಸ್ಟಿಲ್ಡ್ ವಾಟರೇ ಗತಿಯೆಂದು ಕಲಿತೆವು.

ಈ ನಡುವೆ ಕಾಫಿಯಲ್ಲೂ ಫಿಲ್ಮು ತೊಳೆಯಬಹುದೆಂದು ಓದಿದೆವು. 1995ರಲ್ಲಿ ಅಮೆರಿಕದ ರೋಚೆಸ್ಟರಿನ ಕಾಲೇಜೊಂದರಲ್ಲಿ ಪಾಠದ ನಡುವೆ ಹುಟ್ಟಿದ ವಿದ್ಯೆ. ಇನ್‌ಸ್ಟಂಟ್ ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಸಾಕು. ಕಾಫಿಯಲ್ಲಿರುವ ಕೆಫೀಕ್ ಆಮ್ಲವೇ ಡೆವಲಪರ್. ನಮ್ಮ ಮನೆಯವರು ಹಾಸನದವರು, ಕಾಫಿಯ ವಿಷಯದಲ್ಲಿ ತಮಾಷೆ ಸಹಿಸುವವರಲ್ಲ. ಹೆದರುತ್ತಲೇ ಕೇಳಿದೆವು. “ಫಿಲ್ಟರ್ ಪುಡಿ ಮುಟ್ಟಿದರೆ ನೋಡಿ ಮತ್ತೆ. ಇನ್‌ಸ್ಟಂಟ್ ಬೇಕಾದರೆ ಹಾಕಿಕೊಳ್ಳಿ, ಅದು ಕಾಫಿಯೇ ಅಲ್ಲವಲ್ಲ” ಎಂದರು. ಮಗಳ ಶಾಲೆಯ ಅಂಗಳದ ಚಿತ್ರಗಳು ಅದರಲ್ಲಿ ಚೆನ್ನಾಗಿಯೇ ಬಂದವು, ಸ್ವಲ್ಪ ಮಂಕು ಕವಿದಿದ್ದರೂ. ಆದರೆ ಅದರ ದುರ್ವಾಸನೆ ಎರಡು ದಿನ ಮನೆ ಬಿಡಲಿಲ್ಲ. ಅವ್ವನ ಮುಖವನ್ನು ಆ ಕಾಫಿಗೆ ಒಪ್ಪಿಸಲು ನಮಗೆ ಮನಸ್ಸಾಗಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದೆವು. ಬೆಳಿಗ್ಗೆ ಎಂಟರ ಹೊತ್ತು. ಮನೆಯ ಮುಂದಿನ ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ, ಬೇವಿನ ಮರದ ನೆರಳಿನಲ್ಲಿ ಅವ್ವ ಕೂತಳು. ತಲೆಯ ಮೇಲೆ ಬಿಳಿ ಸೆರಗು. ಕಪ್ಪು ಮುಖಕ್ಕೆ ಬಿಳಿ ಸೆರಗು ಎಂದರೆ ಫಿಲ್ಮಿಗೆ ಅಗ್ನಿಪರೀಕ್ಷೆ. ಸೆರಗಿನ ಲೆಕ್ಕಕ್ಕೆ ಬೆಳಕು ಕೊಟ್ಟರೆ ಮುಖ ಮಸಿ. ಮುಖಕ್ಕೆ ಕೊಟ್ಟರೆ ಸೆರಗು ಸುಣ್ಣದ ಗೋಡೆ. ಅಪ್ಪನ ಹಳೆಯ ಚಿತ್ರಗಳಲ್ಲಿ ಅವಳು ಯಾಕೆ ಕಾಣುತ್ತಿರಲಿಲ್ಲವೆಂಬುದು ಅಂದು ನಮಗೆ ತಿಳಿಯಿತು. ಅವರ ಕ್ಯಾಮರಾದಲ್ಲಿ ಇದ್ದದ್ದೇ ಎರಡು ಗುರುತು. ಎರಡೂ ಅವಳಿಗಾಗಿ ಇಟ್ಟದ್ದಲ್ಲ. ನಾವು ಮುಖದ ಲೆಕ್ಕಕ್ಕೇ ಬೆಳಕು ಕೊಟ್ಟೆವು. ಮೂವತ್ತಾರು ಚಿತ್ರಗಳಿಗೂ ಅದೇ ಜಾಗ, ಅದೇ ಬೆಳಕು, ಅದೇ ಅಳತೆ.

ಪ್ರಯೋಗಶಾಲೆಯಲ್ಲಿ ನಮ್ಮ ಮೇಷ್ಟ್ರು ಹೇಳುತ್ತಿದ್ದ ಒಂದು ಮಾತು ಉಪಯೋಗಕ್ಕೆ ಬಂದದ್ದು ಇಲ್ಲಿ: ಒಂದನ್ನು ಮಾತ್ರ ಬದಲಿಸು, ಉಳಿದದ್ದನ್ನು ಮುಟ್ಟಬೇಡ. ಹೈದರಾಬಾದಿಗೆ ಮರಳಿ, ಬೆಳಕು ಹೋಗದ ಚೀಲದಲ್ಲಿ ಕೈ ತೂರಿಸಿ, ರೋಲನ್ನು ಮೂರು ತುಂಡು ಮಾಡಿದೆವು. ಒಂದೇ ಕಷಾಯವನ್ನು ನಂಬಿ ಎಲ್ಲವನ್ನೂ ಅದರಲ್ಲಿ ಮುಳುಗಿಸುವ ತಪ್ಪು ಇನ್ನೊಮ್ಮೆ ಮಾಡಬಾರದೆಂಬುದೂ ಮನಸ್ಸಿನಲ್ಲಿತ್ತು. ಮೂರಕ್ಕೂ 20 ಡಿಗ್ರಿ. ಮೊದಲನೆಯ ತುಂಡಿಗೆ ನೀರು ಬೆರೆಸದ ಡಿ-76, ಏಳೂವರೆ ನಿಮಿಷ. ಎರಡನೆಯದಕ್ಕೆ ಅದೇ ಡಿ-76, ಒಂದು ಪಾಲಿಗೆ ಮೂರು ಪಾಲು ನೀರು, 20 ನಿಮಿಷಕ್ಕೂ ಹೆಚ್ಚು. ಮೂರನೆಯದಕ್ಕೆ ರೋಡಿನಾಲ್, ಒಂದಕ್ಕೆ ಐವತ್ತು ಪಾಲು ನೀರು, ಹನ್ನೊಂದು ನಿಮಿಷ. ಈ ರೋಡಿನಾಲ್ 1891ರದು, ದೀನ್ ದಯಾಳರ ಕಾಲದ್ದೇ ಔಷಧ. ಪ್ರಿಂಟುಗಳನ್ನೂ ಒಂದೇ ಬಗೆಯ ಬ್ರೋಮೈಡ್ ಕಾಗದದ ಮೇಲೆ, ಒಂದೇ ಅಳತೆಯಲ್ಲಿ ಹಾಕಿದೆವು.

ಒಂದೇ ಮುಖ ಮೂರು ತರಹ ಬಂತು. ಮೊದಲನೆಯದು ನಯ. ಕೆನ್ನೆಯಿಂದ ಕತ್ತಿನವರೆಗೆ ಕಪ್ಪು ಮೆಲ್ಲಗೆ ಇಳಿಯುತ್ತ ಹೋಗುತ್ತದೆ, ಕಣಗಳು ಕಾಣುವುದಿಲ್ಲ. ಸಲ್ಫೈಟು ಅಂಚುಗಳನ್ನೆಲ್ಲ ಸವರಿದೆ. ಹಾಗೆ ಸವರುವಾಗ ಸುಕ್ಕುಗಳ, ಹಚ್ಚೆಯ ಗೆರೆಗಳೂ ಸ್ವಲ್ಪ ಮೆದುವಾಗಿವೆ. ಎರಡನೆಯದರಲ್ಲಿ ನೀರು ಬೆರೆತು ಸಲ್ಫೈಟು ತೆಳುವಾದ್ದರಿಂದ ಅಂಚು ಚುರುಕು. ಅದಕ್ಕಿಂತ ಹೆಚ್ಚಾಗಿ, ತೆಳುವಾದ ಔಷಧ ಸೆರಗಿನಂಥ ಬಿಳಿಯ ಜಾಗದಲ್ಲಿ ಬೇಗ ದಣಿದು ಕೈಚೆಲ್ಲುತ್ತದೆ, ಮುಖದಂಥ ನೆರಳಿನ ಜಾಗದಲ್ಲಿ ಕೆಲಸ ಮುಂದುವರಿಸುತ್ತದೆ. ಹಾಗಾಗಿ ಸೆರಗಿನ ನೂಲೂ ಉಂಟು, ಮುಖವೂ ಉಂಟು. ಮೂರನೆಯದು ರೋಡಿನಾಲಿನದು. ಕಣಗಳನ್ನು ಸವರುವ ದಾಕ್ಷಿಣ್ಯ ಅದಕ್ಕಿಲ್ಲ. ಮುಖದ ತುಂಬ ರವೆ ಉದುರಿಸಿದಂತೆ ಕಾಣುತ್ತದೆ. ನೆರಳಿನ ವಿವರದಲ್ಲಿ ಸ್ವಲ್ಪ ಜಿಪುಣ. ಕಿವಿಯ ಹಿಂದಿನ ಸೆರಗಿನ ಮಡಿಕೆ ಪೂರ್ತಿ ಕಪ್ಪು. ಆದರೆ ಒಂದೊಂದು ಸುಕ್ಕೂ ಉಳಿಯಲ್ಲಿ ಕೆತ್ತಿದಂತಿದೆ.

ಮನೆಯಲ್ಲಿ ಪಂಚಾಯಿತಿ ಕೂತಿತು. ಮಗಳಿಗೆ ಮೊದಲನೆಯದು ಚೆಂದ. ನಮ್ಮ ಮನೆಯವರ ಓಟು ಎರಡನೆಯದಕ್ಕೆ. “ಅತ್ತೆಯ ಮುಖದಲ್ಲಿ ಶಾಂತಿ ಇದೆ” ಎಂದರು. ನಮ್ಮ ಓಟೂ ಅದಕ್ಕೇ. ಶಾಸ್ತ್ರದ ಪ್ರಕಾರ ಅದರಲ್ಲೇ ಎಲ್ಲ ಗುಣಗಳೂ ಇದ್ದವು. ಮೂರನೆಯದನ್ನು ಯಾರೂ ಮೆಚ್ಚಲಿಲ್ಲ. ಪ್ರಯೋಗದ ದಾಖಲೆಗೆಂದು ಸುಮ್ಮನೆ ಜೊತೆಯಲ್ಲಿಟ್ಟೆವು.

ಯುಗಾದಿಗೆ ಊರಿಗೆ ಹೋದಾಗ ಮೂರನ್ನೂ ಅವ್ವನ ಮುಂದೆ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ಯಾವುದು ಯಾವ ಔಷಧದ್ದು ಎಂದು ಹೇಳಲಿಲ್ಲ. ಪೊರೆ ತೆಗೆಸಿದ ಕಣ್ಣು. ಅವಳು ಒಂದೊಂದನ್ನೇ ಎತ್ತಿ ಬಿಸಿಲಿಗೆ ಹಿಡಿದು ನೋಡಿದಳು. ಮೊದಲನೆಯದನ್ನು ಇಟ್ಟಳು. ಎರಡನೆಯದನ್ನು ಬಹಳ ಹೊತ್ತು ಹಿಡಿದು, “ಚಲೋ ಅದ” ಎಂದು ಇಟ್ಟಳು. ಮೂರನೆಯದನ್ನು ಎತ್ತಿದವಳು ಮತ್ತೆ ಕೆಳಗಿಡಲಿಲ್ಲ. ಬೆರಳಿನಿಂದ ಚಿತ್ರದ ಗದ್ದವನ್ನು ಮುಟ್ಟಿ, ಆಮೇಲೆ ತನ್ನ ಗದ್ದವನ್ನು ಮುಟ್ಟಿಕೊಂಡಳು.

“ಇದರಾಗ ನನ್ನ ಹಚ್ಚಿ ಕಾಣ್ತದ ನೋಡು. ಚುಕ್ಕಿ ಎಣಿಸಬಹುದು. ಏಳು ವರ್ಷದಾಕಿ ಇದ್ದಾಗ ನಮ್ಮವ್ವ ಕೂಡಿಸಿ ಹಾಕ್ಸಿದ್ದು, ಭಾಳ ಅತ್ತಿದ್ದೆ. ಸತ್ತಾಗ ಬಂಗಾರ ತಗೊಂಡಬಿಡ್ತಾರ, ಸೀರಿ ತಗೊಂಡಬಿಡ್ತಾರ. ಹಚ್ಚಿ ಒಂದೇ ಸಂಗಾಟ ಬರೋದು. ಇದೇ ಇರ್ಲಿ.”

ನಾವು ಸುಮ್ಮನೆ ನಿಂತೆವು. ಕಣದ ನಯ, ನೆರಳಿನ ವಿವರ, ಸೆರಗಿನ ನೂಲು ಎಂದು ನಾವು ತಿಂಗಳುಗಟ್ಟಲೆ ಅಳೆದದ್ದರಲ್ಲಿ ಆ ಏಳು ಚುಕ್ಕಿಗಳ ಲೆಕ್ಕ ಇರಲಿಲ್ಲ. ಚಿತ್ರದ ಗುಣಮಟ್ಟ ಎಂದು ಪುಸ್ತಕಗಳು ಹೇಳುವುದೆಲ್ಲ ಸತ್ಯವೇ. ಯಾವ ಔಷಧ ಏನನ್ನು ಸವರುತ್ತದೆ, ಏನನ್ನು ಎತ್ತಿ ತೋರಿಸುತ್ತದೆ ಎಂಬುದನ್ನು ಅವು ಸರಿಯಾಗಿಯೇ ಕಲಿಸುತ್ತವೆ, ಕಲಿಯಲೂ ಬೇಕು. ಕಲಿಯದೆ ನಾವು ಒಂದು ರೋಲು ಹಾಳು ಮಾಡಿದವರು. ಆದರೆ ಯಾವುದನ್ನು ಸವರಬೇಕು, ಯಾವುದನ್ನು ಉಳಿಸಬೇಕು ಎಂಬುದು ಬಾಟಲಿಯ ಮೇಲೆ ಬರೆದಿರುವುದಿಲ್ಲ. ಅದನ್ನು ಚಿತ್ರದೊಳಗೆ ಕೂತವರನ್ನು ಕೇಳಬೇಕು. ಸ್ಟುಡಿಯೋದವರು ಕೇಳಲಿಲ್ಲವೆಂದು ನಾವು ಸಿಟ್ಟಾಗಿದ್ದೆವು. ನಿಜ ಹೇಳಬೇಕೆಂದರೆ, ಮೂರನೆಯ ಪ್ರಿಂಟನ್ನು ‘ದಾಖಲೆಗೆಂದು’ ಬದಿಗಿಟ್ಟಾಗ ನಾವೂ ಕೇಳಿರಲಿಲ್ಲ.

ಪರಊರಿನಲ್ಲಿರುವ ನಮ್ಮಂಥವರ ಮನೆಗಳಲ್ಲಿ ಊರಿನ ಹಿರಿಯರ ಫೋಟೋ ಎಂದರೆ ಬಹಳ ಸಲ ಮೊಬೈಲಿನಲ್ಲಿ ಯಾರೋ ಕಳಿಸಿದ್ದು, ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿದ್ದು. ಅವರು ಇರುವಾಗಲೇ ಎದುರಿಗೆ ಕೂಡಿಸಿಕೊಂಡು, ನಿಮ್ಮ ಚಿತ್ರದಲ್ಲಿ ಏನು ಕಾಣಬೇಕು ಎಂದು ಒಮ್ಮೆ ಕೇಳಿ ನೋಡಿ. ಕಂದು ಬಾಟಲಿ, ಐಸು, ಥರ್ಮಾಮೀಟರು ಇಲ್ಲದೆಯೂ ಅದನ್ನು ಮಾಡಬಹುದು.

ಆ ಪ್ರಿಂಟಿಗೆ ಕಟ್ಟು ಹಾಕಿಸಿ ಕೊಟ್ಟೆವು. ಗೋಡೆಗೆ ಮೊಳೆ ಹೊಡೆಯಲು ಹೊರಟರೆ ಅವ್ವ ತಡೆದಳು. “ಈಗ ಬ್ಯಾಡ. ಅದರ ಟೈಮಿಗಿ ಹಾಕಂತಿ” ಎಂದು ಹಳೆಯ ಸೀರೆಯಲ್ಲಿ ಸುತ್ತಿ, ಅಪ್ಪನ ಕ್ಯಾಮರಾ ಇದ್ದ ಅದೇ ಟ್ರಂಕಿನಲ್ಲಿ ಇಟ್ಟಳು. ಈಗಲೂ ಅಲ್ಲೇ ಇದೆ. ಊರಿಗೆ ಹೋದಾಗಲೆಲ್ಲ ನಾವು ಟ್ರಂಕು ತೆಗೆದು, ತೇವ ಹತ್ತಿಲ್ಲ ತಾನೇ ಎಂದು ನೋಡಿ, ಮತ್ತೆ ಸುತ್ತಿಡುತ್ತೇವೆ. ಅವ್ವ ಒಲೆಯ ಮುಂದಿನಿಂದಲೇ ಕೂಗಿ ಕೇಳುತ್ತಾಳೆ: “ಇದ್ದೀನೇನು ಅದರಾಗ?”